ಫಿಟ್ಸ್ ಮಾತ್ರೆ, ಲಿವರ್ ಮತ್ತು ವಿಟಮಿನ್ ಡಿ: ಹೈಡ್ರಾಕ್ಸಿಲೇಷನ್ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ 56 ವರ್ಷ, ತೂಕ 60 ಕೆ.ಜಿ. ಹಾವೇರಿ ಜಿಲ್ಲೆಯಲ್ಲಿ ಮೆಕ್ಕೆಜೋಳ ಬೆಳೆಯುವ ರೈತರು. ಒಂಬತ್ತು ವರ್ಷಗಳ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಫಿಟ್ಸ್ ಶುರುವಾಯಿತು. ಅಂದಿನಿಂದ ಫೆನಿಟಾಯಿನ್ ಮಾತ್ರೆಯನ್ನು ದಿನಕ್ಕೆ 300 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ಮತ್ತೊಮ್ಮೆ ಫಿಟ್ಸ್ ಬಂದದ್ದರಿಂದ ಡಾಕ್ಟರು 400ಕ್ಕೆ ಏರಿಸಿದರು. ಮೂರನೆಯ ವಾರದಲ್ಲಿ ಅವರು ಕುಡಿದವರಂತೆ ತೂರಾಡತೊಡಗಿದರು, ಮಾತು ತೊದಲಿತು, ಎದುರಿಗಿದ್ದವರು ಎರಡೆರಡಾಗಿ ಕಾಣುತ್ತಾರೆ ಎಂದರು. ರಕ್ತದಲ್ಲಿ ಔಷಧದ ಮಟ್ಟ 29 ಇತ್ತು; ಡೋಸನ್ನು 350ಕ್ಕೆ ಇಳಿಸಿದ್ದಾರೆ. ಅದೇ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಹೆಚ್ಚಾಗಿವೆ. ಎಸ್‌ಜಿಪಿಟಿ, ಬಿಲಿರುಬಿನ್, ಆಲ್ಬುಮಿನ್, ಕ್ರಿಯಾಟಿನಿನ್ ಸರಿಯಾಗಿವೆ. 25-ಹೈಡ್ರಾಕ್ಸಿ ವಿಟಮಿನ್ ಡಿ ಕೇವಲ 11 ಬಂದಿದೆ. ಸೊಂಟ, ತೊಡೆ ನೋವು; ನೆಲದಿಂದ ಏಳಲು ಕೈಯೂರಬೇಕು. ದಿನವಿಡೀ ಬಿಸಿಲಲ್ಲಿ ದುಡಿಯುವವರಿಗೆ ವಿಟಮಿನ್ ಡಿ ಕಡಿಮೆಯಾಗುವುದು ಹೇಗೆ? ನೂರು ಮಿ.ಗ್ರಾಂ. ಹೆಚ್ಚಿಸಿದ್ದಕ್ಕೆ ಇಷ್ಟು ತೊಂದರೆಯಾದರೆ ಮಾತ್ರೆ ನಕಲಿಯೋ, ಲಿವರ್ ಕೆಟ್ಟಿದೆಯೋ? ಲಿವರಿನ ಹೈಡ್ರಾಕ್ಸಿಲೇಷನ್ ಶಕ್ತಿ ಹೋಗಿದೆ, ಮಾತ್ರೆ ಬಿಡಿಸಿ ಕಷಾಯ ಕೊಡಿ ಎಂದು ಸಂಬಂಧಿಕರು ಹೇಳುತ್ತಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ನೆರೆಯವರು ತಾವು ನುಂಗುವ ಕ್ಯಾಲ್ಸಿಟ್ರಿಯಾಲ್ ಒಳ್ಳೆಯದು ಎನ್ನುತ್ತಾರೆ. ಬೇರೆ ಔಷಧ ಯಾವುದೂ ಇಲ್ಲ; ತೊಡೆಸಂದಿಯ ಹುಳುಕಡ್ಡಿಗೆ ಮೆಡಿಕಲ್ ಶಾಪಿನವರು ಕೊಟ್ಟ ಫ್ಲುಕೊನಜೋಲ್ ಮಾತ್ರ ವಾರಕ್ಕೊಂದು ನುಂಗುತ್ತಿದ್ದರು. ಇದು ವಂಶದಲ್ಲಿ ಬರುವ ದೋಷವಾದರೆ ನನಗೂ ಇರಬಹುದೇ?

ಉತ್ತರ: ನೀವು ಬರೆದಿರುವ ವರದಿಯಲ್ಲಿ ಲಿವರ್ ಕೆಟ್ಟಿದೆ ಎಂದು ಹೇಳುವ ಅಂಶ ಒಂದೂ ಇಲ್ಲ, ಮಾತ್ರೆ ನಕಲಿ ಎಂದು ಶಂಕಿಸಲು ಕಾರಣವೂ ಇಲ್ಲ. ಮೊದಲಿಗೆ ಒಂದು ಮಾತನ್ನು ಒತ್ತಿ ಹೇಳಬೇಕು: ಯಾರು ಏನೇ ಹೇಳಲಿ, ಫೆನಿಟಾಯಿನ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಒಂಬತ್ತು ವರ್ಷ ತೆಗೆದುಕೊಂಡ ಫಿಟ್ಸ್ ಔಷಧವನ್ನು ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಬಿಡದೆ ಬರುವ ಫಿಟ್ಸ್ ಉಂಟಾಗಬಹುದು, ಅದು ಪ್ರಾಣಾಪಾಯದ ಸ್ಥಿತಿ. ಉಳಿದ ಪ್ರಶ್ನೆಗಳಿಗೆ ಸಂಬಂಧಿಸಿದಂತೆ, ನಿಮ್ಮ ಸಂಬಂಧಿಕರು ಹೇಳಿದ ಹೈಡ್ರಾಕ್ಸಿಲೇಷನ್ ನಿಜಕ್ಕೂ ಇಲ್ಲಿನ ಮುಖ್ಯ ವಿಷಯವೇ ಹೌದು, ಆದರೆ ಅವರು ತಿಳಿದಿರುವ ಅರ್ಥದಲ್ಲಿ ಅಲ್ಲ. ತಂದೆಯವರು ತೂರಾಡಿದ್ದಕ್ಕೆ ಒಂದು ಹೈಡ್ರಾಕ್ಸಿಲೇಷನ್ ತನ್ನ ಮಿತಿಯನ್ನು ಮುಟ್ಟಿದ್ದು ಕಾರಣ. ವಿಟಮಿನ್ ಡಿ ಕುಸಿದದ್ದಕ್ಕೆ ಇನ್ನೊಂದು ಹೈಡ್ರಾಕ್ಸಿಲೇಷನ್ ಅತಿಯಾಗಿ ಚುರುಕಾದದ್ದು ಬಹುಮಟ್ಟಿಗೆ ಕಾರಣ.

ಹೈಡ್ರಾಕ್ಸಿಲೇಷನ್ ಎಂದರೆ ಒಂದು ಅಣುವಿನಲ್ಲಿ ಇಂಗಾಲಕ್ಕೆ ಅಂಟಿಕೊಂಡಿರುವ ಜಲಜನಕದ ಜಾಗದಲ್ಲಿ ಆಮ್ಲಜನಕ ಮತ್ತು ಜಲಜನಕದ ಜೋಡಿಯನ್ನು, ಅಂದರೆ ಹೈಡ್ರಾಕ್ಸಿ ಗುಂಪನ್ನು, ಕೂರಿಸುವ ಕ್ರಿಯೆ. ಕಾಗದದ ಮೇಲೆ ಇದು ಚಿಕ್ಕ ಬದಲಾವಣೆಯಂತೆ ಕಾಣುತ್ತದೆ. ಪ್ರಯೋಗಾಲಯದಲ್ಲಿ ಮಾತ್ರ ಇಂಗಾಲ ಮತ್ತು ಜಲಜನಕದ ನಡುವಿನ ಬಂಧವನ್ನು ಬೇಕಾದ ಜಾಗದಲ್ಲಷ್ಟೇ ಬಿಡಿಸಿ ಆಮ್ಲಜನಕವನ್ನು ಸೇರಿಸುವುದು ರಸಾಯನ ವಿಜ್ಞಾನಿಗಳಿಗೆ ಇಂದಿಗೂ ಸುಲಭವಲ್ಲ. ಕಟುವಾದ ಉತ್ಕರ್ಷಕಗಳನ್ನು ಬಳಸಿದರೆ ಅಣುವಿನ ಬೇರೆ ಭಾಗಗಳೂ ಹಾಳಾಗುತ್ತವೆ. ನಮ್ಮ ಲಿವರ್ ಅದನ್ನು 37 ಡಿಗ್ರಿ ಉಷ್ಣತೆಯಲ್ಲಿ, ಉಸಿರಾಡಿದ ಗಾಳಿಯ ಆಮ್ಲಜನಕವನ್ನೇ ಬಳಸಿ ಮಾಡುತ್ತದೆ. ಹೀಗೆ ಸೇರುವ ಆಮ್ಲಜನಕ ನೀರಿನಿಂದಲ್ಲ, ಗಾಳಿಯಿಂದಲೇ ಬರಬಲ್ಲದು ಎಂಬುದನ್ನು 1955ರಲ್ಲಿ ಜಪಾನಿನ ಒಸಾಮು ಹಯೈಷಿ ಮತ್ತು ಅಮೆರಿಕದ ಹೊವಾರ್ಡ್ ಮೇಸನ್ ಬೇರೆ ಬೇರೆಯಾಗಿ ತೋರಿಸಿದರು. ಔಷಧಗಳ ಮಟ್ಟಿಗೆ ಈ ಕೆಲಸವನ್ನು ಹೆಚ್ಚಾಗಿ ಮಾಡುವುದು ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಕುಟುಂಬ. ಮನುಷ್ಯರಲ್ಲಿ ಇದರ 57 ಜೀನ್‌ಗಳಿವೆ. ಪ್ರತಿಯೊಂದು ಕಿಣ್ವದ ನಡುವೆಯೂ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವಂಥದ್ದೇ ಕಬ್ಬಿಣದ ಹೀಮ್ ಇರುತ್ತದೆ. ಆ ಕಬ್ಬಿಣ ಆಮ್ಲಜನಕದ ಅಣುವನ್ನು ಹಿಡಿದು ಎರಡಾಗಿ ಸೀಳಿ, ಒಂದು ಪರಮಾಣುವನ್ನು ಔಷಧಕ್ಕೆ ಕೂರಿಸಿ, ಇನ್ನೊಂದನ್ನು ನೀರಾಗಿ ಬಿಟ್ಟುಬಿಡುತ್ತದೆ.

ದೇಹಕ್ಕೆ ಈ ಕೆಲಸ ಏಕೆ ಬೇಕು ಎಂಬುದನ್ನು ಫೆನಿಟಾಯಿನ್ನಿನಲ್ಲಿಯೇ ನೋಡಬಹುದು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಂ ಫಿಟ್ಸ್‌ಗೆ ಬಳಕೆಗೆ ತಂದ ಈ ಔಷಧ ಕೊಬ್ಬಿನಲ್ಲಿ ಕರಗುವ ಸ್ವಭಾವದ್ದು. ಅದಕ್ಕಾಗಿಯೇ ಅದು ಮಿದುಳನ್ನು ಸೇರಬಲ್ಲದು. ಅದೇ ಸ್ವಭಾವದಿಂದಾಗಿ ಮೂತ್ರಪಿಂಡದಲ್ಲಿ ಸೋಸಿ ಹೊರಬಂದರೂ ಮತ್ತೆ ರಕ್ತಕ್ಕೇ ಮರಳುತ್ತದೆ. ನುಂಗಿದ ಫೆನಿಟಾಯಿನ್ನಿನಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಭಾಗ ಮಾತ್ರ ಇದ್ದಂತೆಯೇ ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದಕ್ಕೆ ಲಿವರಿನಲ್ಲಿ ಮುಖ್ಯವಾಗಿ ಸಿವೈಪಿ2ಸಿ9 ಮತ್ತು ಸ್ವಲ್ಪ ಮಟ್ಟಿಗೆ ಸಿವೈಪಿ2ಸಿ19 ಎಂಬ ಪಿ450 ಕುಟುಂಬದ ಕಿಣ್ವಗಳು (ಸಿವೈಪಿ ಎಂಬುದು ಆ ಕುಟುಂಬದ ಹೆಸರಿನ ಸಂಕ್ಷೇಪ) ಹೈಡ್ರಾಕ್ಸಿ ಗುಂಪನ್ನು ಸೇರಿಸುತ್ತವೆ. ಆ ಗುಂಪನ್ನು ಹಿಡಿಯಾಗಿ ಬಳಸಿ ಸಕ್ಕರೆಯ ಸಂಬಂಧಿಯಾದ ಗ್ಲುಕುರಾನಿಕ್ ಆಮ್ಲ ಅಂಟಿಕೊಂಡಾಗ ಔಷಧ ನೀರಿನಲ್ಲಿ ಕರಗಿ ಮೂತ್ರದ ದಾರಿ ಹಿಡಿಯುತ್ತದೆ. ಹೈಡ್ರಾಕ್ಸಿ ಗುಂಪು ಸೇರಿದ ಫೆನಿಟಾಯಿನ್ನಿಗೆ ಫಿಟ್ಸ್ ತಡೆಯುವ ಶಕ್ತಿ ಇರುವುದಿಲ್ಲ. ಹಾಗಾಗಿ ನಿಮ್ಮ ತಂದೆಯವರ ರಕ್ತದಲ್ಲಿ ಎಷ್ಟು ಔಷಧ ಉಳಿಯುತ್ತದೆ ಎಂಬುದನ್ನು ಈ ಒಂದು ಹೆಜ್ಜೆಯ ವೇಗವೇ ತೀರ್ಮಾನಿಸುತ್ತದೆ.

ಈ ವೇಗಕ್ಕೆ ಒಂದು ಮೇಲ್ಮಿತಿ ಇದೆ. ಊರಿನ ಹಿಟ್ಟಿನ ಗಿರಣಿ ದಿನಕ್ಕೆ ಇಷ್ಟೇ ಚೀಲ ಬೀಸಬಲ್ಲದು ಎಂದಿಟ್ಟುಕೊಳ್ಳಿ. ಚೀಲಗಳು ಅದಕ್ಕಿಂತ ಕಡಿಮೆ ಬರುವವರೆಗೆ ರಾಶಿ ಬೀಳುವುದಿಲ್ಲ, ಮಿತಿ ಸಮೀಪಿಸಿದ ಮೇಲೆ ದಿನಕ್ಕೆ ಒಂದೇ ಚೀಲ ಹೆಚ್ಚಾದರೂ ಅಂಗಳ ತುಂಬುತ್ತ ಹೋಗುತ್ತದೆ. ಬಹುಪಾಲು ಔಷಧಗಳ ಚಿಕಿತ್ಸಾ ಪ್ರಮಾಣ ಕಿಣ್ವದ ಮಿತಿಗಿಂತ ತುಂಬಾ ಕೆಳಗಿರುವುದರಿಂದ ಡೋಸು ಕಾಲುಭಾಗ ಹೆಚ್ಚಾದರೆ ರಕ್ತದ ಮಟ್ಟವೂ ಕಾಲುಭಾಗ ಹೆಚ್ಚುತ್ತದೆ. ಫೆನಿಟಾಯಿನ್ ಹಾಗಲ್ಲ, ಅದರ ಮಾಮೂಲಿ ಡೋಸೇ ಮಿತಿಯ ಅಂಚಿನಲ್ಲಿದೆ. ವಯಸ್ಕರಿಗೆ ಸಾಮಾನ್ಯವಾಗಿ ಬಳಸುವ ಸರಾಸರಿ ಅಂಕಿಗಳನ್ನು ಹಿಡಿದು, ಅಂದರೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 7 ಮಿ.ಗ್ರಾಂ. ಗರಿಷ್ಠ ವೇಗ, ಮತ್ತು ಆ ವೇಗದ ಅರ್ಧವನ್ನು ತಲುಪುವ ಮಟ್ಟ ಲೀಟರಿಗೆ 4 ಮಿ.ಗ್ರಾಂ. ಎಂದು ಹಿಡಿದು, 60 ಕೆ.ಜಿ. ತೂಕದ ವ್ಯಕ್ತಿಗೆ ಲೆಕ್ಕ ಹಾಕಿ ನೋಡೋಣ. ಮಾತ್ರೆಯಲ್ಲಿರುವುದು ಫೆನಿಟಾಯಿನ್ನಿನ ಸೋಡಿಯಂ ಲವಣವಾದ್ದರಿಂದ 300 ಮಿ.ಗ್ರಾಂ. ಎಂದರೆ ಸುಮಾರು 276 ಮಿ.ಗ್ರಾಂ. ನಿಜವಾದ ಔಷಧ. ಆಗ ರಕ್ತದಲ್ಲಿ ನೆಲೆ ನಿಲ್ಲುವ ಮಟ್ಟ ಸುಮಾರು 8. ಡೋಸನ್ನು 350 ಮಾಡಿದರೆ ಅದು 13. ಇನ್ನು 50 ಸೇರಿಸಿ 400 ಮಾಡಿದರೆ 28. ಚಿಕಿತ್ಸೆಗೆ ಬೇಕಾದ ಮಟ್ಟ 10ರಿಂದ 20 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರಿಗೆ, ಅಂದರೆ ಲೀಟರಿಗೆ ಅಷ್ಟೇ ಮಿ.ಗ್ರಾಂ. 20 ದಾಟಿದಾಗ ಕಣ್ಣುಗುಡ್ಡೆ ಅದುರುವುದು ಶುರುವಾಗುತ್ತದೆ, 30ರ ಸುಮಾರಿಗೆ ನಡಿಗೆ ತಪ್ಪುತ್ತದೆ, 40 ಮೀರಿದರೆ ಮಂಪರು ಕವಿಯುತ್ತದೆ. ಇದು ಸರಾಸರಿ ವ್ಯಕ್ತಿಯ ಲೆಕ್ಕ, ನಿಮ್ಮ ತಂದೆಯವರದ್ದೇ ಅಲ್ಲ. ಆದರೂ 400 ಮಿ.ಗ್ರಾಂ.ನಲ್ಲಿ 29 ಬಂದದ್ದು ಆರೋಗ್ಯವಂತ ಲಿವರಿನಲ್ಲಿಯೂ ಆಗಬಹುದಾದ ಸಂಗತಿ ಎಂಬುದಕ್ಕೆ ಇದು ಸಾಕು.

ತೊಂದರೆ ಮೊದಲ ವಾರದಲ್ಲಿ ಕಾಣದೆ ಮೂರನೆಯ ವಾರದಲ್ಲಿ ಕಂಡದ್ದಕ್ಕೂ ಇದೇ ಕಾರಣ. ಮಿತಿ ಸಮೀಪಿಸಿದಾಗ ಹೊಸ ಮಟ್ಟ ನೆಲೆಗೊಳ್ಳಲು ಎರಡು ಮೂರು ವಾರಗಳೇ ಬೇಕಾಗಬಹುದು. ಡೋಸು ಏರಿಸಿದ ಮೂರನೆಯ ದಿನ ತಂದೆಯವರು ಚೆನ್ನಾಗಿಯೇ ಇದ್ದರು ಎಂಬ ಮಾತ್ರಕ್ಕೆ ಆ ಡೋಸು ಹೊಂದಿಕೊಂಡಿದೆ ಎಂದು ತಿಳಿಯುವಂತಿಲ್ಲ.

ಎಲ್ಲರ ಕಿಣ್ವವೂ ಒಂದೇ ವೇಗದ್ದಲ್ಲ. ಇದು ತಿಳಿದು ಬಂದ ಬಗೆ ಔಷಧ ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬಾ ಮುಖ್ಯವೆನಿಸುವ ಪ್ರಸಂಗ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಸಹೋದ್ಯೋಗಿಗಳ ಜೊತೆ ತಾವೂ ಡೆಬ್ರಿಸೊಕ್ವಿನ್ ಎಂಬ ರಕ್ತದೊತ್ತಡದ ಔಷಧವನ್ನು ಸೇವಿಸಿದರು. ಉಳಿದವರಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅವರಿಗೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯಿತು. ಮೂತ್ರವನ್ನು ಪರೀಕ್ಷಿಸಿದಾಗ ಬೇರೆಯವರಲ್ಲಿ ಔಷಧಕ್ಕೆ ಹೈಡ್ರಾಕ್ಸಿ ಗುಂಪು ಸೇರಿತ್ತು, ಅವರಲ್ಲಿ ಔಷಧ ಬಹುಪಾಲು ಇದ್ದ ಹಾಗೆಯೇ ಇತ್ತು. ಆ ಹೈಡ್ರಾಕ್ಸಿಲೇಷನ್ ಶಕ್ತಿ ವಂಶದ ಮೂಲಕ ಬರುತ್ತದೆ ಎಂಬ ಲೇಖನ 1977ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿನ ಕಿಣ್ವ ಸಿವೈಪಿ2ಡಿ6. ಫೆನಿಟಾಯಿನ್ನಿನ ಸಿವೈಪಿ2ಸಿ9 ವಿಷಯದಲ್ಲಿಯೂ ಹೀಗೇ ನಿಧಾನದ ರೂಪಗಳಿವೆ. ಪುದುಚೇರಿಯ ಜಿಪ್ಮರ್ ಸಂಸ್ಥೆಯ ಔಷಧಶಾಸ್ತ್ರ ವಿಭಾಗ ದಕ್ಷಿಣ ಭಾರತೀಯರಲ್ಲಿ ಇದನ್ನು ಅಧ್ಯಯನ ಮಾಡಿ, ಈ ಜೀನಿನ 2 ಮತ್ತು 3 ಎಂಬ ರೂಪಗಳಿರುವವರಲ್ಲಿ ಫೆನಿಟಾಯಿನ್ನಿನ ಹೈಡ್ರಾಕ್ಸಿಲೇಷನ್ ಕುಂದುತ್ತದೆ ಎಂದು ತೋರಿಸಿದೆ. ಇದನ್ನು ರೋಗ ಎನ್ನಲಾಗದು. ಆ ಔಷಧ ನುಂಗದಿದ್ದರೆ ಜೀವನವಿಡೀ ಅದರ ಸುಳಿವೂ ಸಿಗುವುದಿಲ್ಲ.

ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ಜೀನಿನತ್ತ ಹೋಗುವ ಮೊದಲು ನೀವು ಪತ್ರದ ಕೊನೆಯಲ್ಲಿ ಅಮುಖ್ಯವೆಂಬಂತೆ ಬರೆದ ಫ್ಲುಕೊನಜೋಲ್ ಮಾತ್ರೆಯತ್ತ ನೋಡಬೇಕು. ಹುಳುಕಡ್ಡಿಗೆ ಬಹಳ ಜನ ಚೀಟಿಯಿಲ್ಲದೆ ಕೊಂಡು ನುಂಗುವ ಈ ಔಷಧ ಸಿವೈಪಿ2ಸಿ9 ಮತ್ತು 2ಸಿ19 ಎರಡನ್ನೂ ತಡೆಯುತ್ತದೆ. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 30 ಗಂಟೆ, ಆದ್ದರಿಂದ ಒಂದು ಮಾತ್ರೆಯ ಪ್ರಭಾವ ಕೆಲವು ದಿನ ಉಳಿಯುತ್ತದೆ. ಡೋಸು 400ಕ್ಕೆ ಏರಿದ್ದು ಮತ್ತು ಕಿಣ್ವದ ಕೈ ಕಟ್ಟಿಹಾಕಿದ್ದು ಎರಡೂ ಒಂದೇ ಸಮಯಕ್ಕೆ ಕೂಡಿ ಬಂದಿರಬಹುದು. ವಾರಕ್ಕೊಂದೇ ಮಾತ್ರೆಯಾದ್ದರಿಂದ ಅದರ ಪಾಲು ಎಷ್ಟು, ಡೋಸಿನ ಪಾಲು ಎಷ್ಟು ಎಂದು ಈ ಒಂದು ಪರೀಕ್ಷೆಯಿಂದ ಬಿಡಿಸಿ ಹೇಳಲಾಗದು. ಮುಂದಿನ ಅಪಾಯ ಇದರ ವಿರುದ್ಧ ದಿಕ್ಕಿನದು: ಫ್ಲುಕೊನಜೋಲ್ ನಿಲ್ಲಿಸಿದ ಮೇಲೆ ಕಿಣ್ವ ಪೂರ್ತಿ ವೇಗಕ್ಕೆ ಮರಳಿ, ಡೋಸೂ 350ಕ್ಕೆ ಇಳಿದಿರುವುದರಿಂದ, ಔಷಧದ ಮಟ್ಟ ನಿರೀಕ್ಷೆಗಿಂತ ಕೆಳಗಿಳಿದು ಫಿಟ್ಸ್ ಮರುಕಳಿಸಬಹುದು. ಕಡೆಯ ಫ್ಲುಕೊನಜೋಲ್ ಯಾವತ್ತು ನುಂಗಿದರು ಎಂಬುದನ್ನು ಬರೆದುಕೊಂಡು ನರರೋಗ ತಜ್ಞರಿಗೆ ತಿಳಿಸಿ. ಅದು ನಿಂತ ಎರಡು ಮೂರು ವಾರಗಳ ನಂತರ ಬೆಳಗಿನ ಮಾತ್ರೆಗೆ ಮುಂಚೆ ರಕ್ತದ ಮಟ್ಟವನ್ನು ಮತ್ತೆ ನೋಡಬೇಕು. ಹುಳುಕಡ್ಡಿಗೆ ಹಚ್ಚುವ ಮುಲಾಮು ಸಾಕಾಗುತ್ತದೆಯೇ ಎಂದು ಚರ್ಮವೈದ್ಯರನ್ನು ಕೇಳಿ, ಕೇಳುವಾಗ ಫಿಟ್ಸ್ ಮಾತ್ರೆಯ ಹೆಸರನ್ನು ಹೇಳಿ.

300 ಮಿ.ಗ್ರಾಂ.ನಲ್ಲಿ ಇದ್ದಾಗ ಬಂದ ಫಿಟ್ಸ್‌ಗೆ ಕಾರಣವೇನು ಎಂಬುದು ನಿಮ್ಮ ಪತ್ರದಲ್ಲಿಲ್ಲ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಮಾತ್ರೆ ತಪ್ಪಿತೇ, ನಿದ್ದೆಗೆಟ್ಟರೇ, ಜ್ವರ ಇತ್ತೇ, ಮದ್ಯ ಸೇವಿಸಿದ್ದರೇ ಎಂದು ಮನೆಯವರೇ ನೆನಪಿಸಿಕೊಂಡು ವೈದ್ಯರಿಗೆ ಹೇಳುವುದು ಒಳ್ಳೆಯದು. ಎರಡು ದಿನ ಮಾತ್ರೆ ತಪ್ಪಿದ್ದರಿಂದ ಬಂದ ಫಿಟ್ಸ್‌ಗೆ ಡೋಸು ಏರಿಸುವುದು ಪರಿಹಾರವಲ್ಲ.

ಈಗ ಲಿವರಿನ ಪರೀಕ್ಷೆಗಳು. ಲಿವರಿನ ಜೀವಕೋಶಗಳಿಗೆ ಹಾನಿಯಾದರೆ ಏರಬೇಕಾದದ್ದು ಎಸ್‌ಜಿಪಿಟಿ. ಲಿವರಿನ ಕಾರ್ಯಶಕ್ತಿ ಕುಗ್ಗಿದರೆ ಆಲ್ಬುಮಿನ್ ಇಳಿಯಬೇಕು, ಬಿಲಿರುಬಿನ್ ಏರಬೇಕು. ಇವು ಮೂರೂ ಸರಿಯಾಗಿವೆ. ಜಿಜಿಟಿ ಏರಿರುವುದು ಫೆನಿಟಾಯಿನ್ ಲಿವರಿನ ಕಿಣ್ವಗಳ ಉತ್ಪಾದನೆಯನ್ನು ಹೆಚ್ಚಿಸುವ ಔಷಧ ಎಂಬುದರ ಗುರುತು. ದೀರ್ಘಕಾಲ ಇದನ್ನು ಸೇವಿಸುವವರಲ್ಲಿ ಇದು ತೀರಾ ಸಾಮಾನ್ಯ. ಆಲ್ಕಲೈನ್ ಫಾಸ್ಫಟೇಸ್ ಲಿವರಿನಿಂದಷ್ಟೇ ಅಲ್ಲ, ಮೂಳೆಯಿಂದಲೂ ಬರುತ್ತದೆ. ವಿಟಮಿನ್ ಡಿ 11 ಇದ್ದು, ಸೊಂಟ ತೊಡೆ ನೋಯುತ್ತಾ, ನೆಲದಿಂದ ಏಳುವಾಗ ಕೈಯೂರಬೇಕಾದವರಲ್ಲಿ ಅದು ಮೂಳೆ ಮೆತುವಾಗುತ್ತಿರುವುದರ ಸೂಚನೆ ಆಗಿರುವ ಸಾಧ್ಯತೆಯೇ ಹೆಚ್ಚು. ಕ್ಯಾಲ್ಸಿಯಂ, ರಂಜಕ ಮತ್ತು ರಕ್ತದ ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆ ಮಾಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನೊಂದು ಉಪಯೋಗವೂ ಈ ವರದಿಯಿಂದ ಇದೆ. ಫೆನಿಟಾಯಿನ್ನಿನ ಶೇಕಡಾ 90ರಷ್ಟು ರಕ್ತದಲ್ಲಿ ಆಲ್ಬುಮಿನ್ನಿಗೆ ಅಂಟಿಕೊಂಡಿರುತ್ತದೆ; ಆಲ್ಬುಮಿನ್ ಕಡಿಮೆಯಿದ್ದವರಲ್ಲಿ ಒಟ್ಟು ಮಟ್ಟ ಸರಿಯಾಗಿ ಕಂಡರೂ ಬಿಡಿಯಾಗಿರುವ ಔಷಧ ಹೆಚ್ಚಿರಬಹುದು. ತಂದೆಯವರ ಆಲ್ಬುಮಿನ್ ಸರಿಯಿರುವುದರಿಂದ ಅವರ 29 ಎಂಬ ಅಂಕಿಯನ್ನು ಹಾಗೆಯೇ ನಂಬಬಹುದು.

ಬಿಸಿಲಲ್ಲಿ ದುಡಿಯುವವರಿಗೆ ವಿಟಮಿನ್ ಡಿ ಕಡಿಮೆಯಾಗುವುದು ಹೇಗೆ ಎಂಬ ನಿಮ್ಮ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಬಿಸಿಲು ಮಾಡುವುದು ಮೊದಲ ಹೆಜ್ಜೆಯನ್ನು ಮಾತ್ರ: ಚರ್ಮದಲ್ಲಿರುವ ಕೊಲೆಸ್ಟರಾಲಿನ ಸಂಬಂಧಿ ಅಣುವೊಂದು ಅತಿನೇರಳೆ ಕಿರಣ ತಾಗಿ ವಿಟಮಿನ್ ಡಿ3 ಆಗುತ್ತದೆ. ಅದು ಇನ್ನೂ ಕೆಲಸಕ್ಕೆ ಬಾರದ ರೂಪ. ಲಿವರಿನಲ್ಲಿ ಮುಖ್ಯವಾಗಿ ಸಿವೈಪಿ2ಆರ್1 ಎಂಬ ಕಿಣ್ವ ಅದರ 25ನೆಯ ಇಂಗಾಲಕ್ಕೆ ಹೈಡ್ರಾಕ್ಸಿ ಗುಂಪು ಸೇರಿಸುತ್ತದೆ. ನಿಮ್ಮ ವರದಿಯಲ್ಲಿ ಅಳೆದಿರುವುದು ಇದನ್ನೇ. ಇದು ರಕ್ತದಲ್ಲಿ ಎರಡು ಮೂರು ವಾರಗಳ ಅರ್ಧಾಯುಷ್ಯದೊಡನೆ ದಾಸ್ತಾನಾಗಿ ಇರುತ್ತದೆ. ಮೂತ್ರಪಿಂಡ ತನ್ನ ಪಾಲಿನ ಇನ್ನೊಂದು ಹೈಡ್ರಾಕ್ಸಿ ಗುಂಪನ್ನು 1ನೆಯ ಇಂಗಾಲಕ್ಕೆ ಸೇರಿಸಿದಾಗ ಅದು ಕ್ಯಾಲ್ಸಿಟ್ರಿಯಾಲ್ ಎಂಬ ಪೂರ್ಣ ಹಾರ್ಮೋನ್ ಆಗುತ್ತದೆ. ಈ ಕೊನೆಯ ಹೆಜ್ಜೆ ನಡೆಯುವುದು ಮೂತ್ರಪಿಂಡದಲ್ಲಿ ಎಂಬುದನ್ನು 1970ರಲ್ಲಿ ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೋಡಿಚೆಕ್ ತೋರಿಸಿದರು. ಇವಲ್ಲದೆ 24ನೆಯ ಇಂಗಾಲಕ್ಕೆ ಹೈಡ್ರಾಕ್ಸಿ ಗುಂಪು ಸೇರಿಸುವ ಮತ್ತೊಂದು ಕಿಣ್ವವಿದೆ; ಅದರ ಕೆಲಸ ವಿಟಮಿನ್ ಡಿಯನ್ನು ನಿಷ್ಕ್ರಿಯಗೊಳಿಸಿ ಹೊರಹಾಕುವುದು. ಒಂದೇ ಬಗೆಯ ಕ್ರಿಯೆ, ಯಾವ ಇಂಗಾಲಕ್ಕೆ ನಡೆಯಿತು ಎಂಬುದರ ಮೇಲೆ ಅದು ಜೀವ ತುಂಬುವುದೋ ತೆಗೆಯುವುದೋ ಎಂಬುದು ನಿಲ್ಲುತ್ತದೆ. ಹೈಡ್ರಾಕ್ಸಿಲೇಷನ್ ಎಂದರೆ ವಿಷ ತೆಗೆಯುವ ಕೆಲಸ ಎಂದಷ್ಟೇ ತಿಳಿಯುವುದು ತಪ್ಪಾಗುವುದು ಇಲ್ಲಿಯೇ. ಮೂಳೆಯೊಳಗಿನ ಕೊಲಾಜೆನ್ ಎಂಬ ಪ್ರೋಟೀನು ಗಟ್ಟಿಯಾಗಿ ಹೆಣೆದುಕೊಳ್ಳಲು ಕೂಡ ಅದರ ಪ್ರೋಲೀನ್ ಘಟಕಗಳಿಗೆ ಹೈಡ್ರಾಕ್ಸಿ ಗುಂಪು ಸೇರಬೇಕು, ಅದಕ್ಕೆ ವಿಟಮಿನ್ ಸಿ ಬೇಕು.

ಫೆನಿಟಾಯಿನ್ ವರ್ಷಗಟ್ಟಲೆ ದೇಹದಲ್ಲಿದ್ದಾಗ ಕಿಣ್ವಗಳ ಜೀನ್‌ಗಳನ್ನು ಚುರುಕುಗೊಳಿಸುವ ಪಿಎಕ್ಸ್‌ಆರ್ ಮುಂತಾದ ಗ್ರಾಹಕಗಳನ್ನು ಎಬ್ಬಿಸಿ, ಸಿವೈಪಿ3ಎ4 ಮತ್ತು ಆ 24-ಹೈಡ್ರಾಕ್ಸಿಲೇಸ್‌ನಂಥ ಕಿಣ್ವಗಳನ್ನು ಹೆಚ್ಚಿಸುತ್ತದೆ. ಆಗ ಚರ್ಮ ತಯಾರಿಸಿದ, ಲಿವರ್ ದಾಸ್ತಾನು ಮಾಡಿದ ವಿಟಮಿನ್ ಡಿ ಬೇಗ ಬೇಗ ಸವೆದುಹೋಗುತ್ತದೆ. ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಔಷಧಗಳೂ ಹೀಗೇ ಮಾಡುತ್ತವೆ. ಇದರ ಜೊತೆಗೆ ಹೊಲದಲ್ಲಿ ತುಂಬುತೋಳಿನ ಅಂಗಿ, ತಲೆಗೆ ಟವೆಲು ಸುತ್ತಿ ದುಡಿಯುವಾಗ ಬಿಸಿಲು ತಾಗುವ ಚರ್ಮ ಕಡಿಮೆ. ಕಪ್ಪು ಚರ್ಮದಲ್ಲಿ, ವಯಸ್ಸಾದಂತೆ, ಉತ್ಪಾದನೆ ನಿಧಾನ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ, ಅದರಿಂದ ಕ್ಯಾಲ್ಸಿಟ್ರಿಯಾಲ್ ಹೆಚ್ಚಿ, ದಾಸ್ತಾನು ಇನ್ನೂ ಬೇಗ ಖರ್ಚಾಗುತ್ತದೆ. ಜೋಳದ ರೊಟ್ಟಿ, ಅನ್ನದಲ್ಲಿ ಕ್ಯಾಲ್ಸಿಯಂ ತೀರಾ ಸ್ವಲ್ಪ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಇದೆ. ಹಾಲು, ಮೊಸರು, ಮಜ್ಜಿಗೆ, ವಾರದಲ್ಲಿ ಕೆಲವು ದಿನ ರಾಗಿ ಅವರ ಊಟದಲ್ಲಿ ಸೇರಲಿ.

ಫಿಟ್ಸ್ ಚಿಕಿತ್ಸೆಗೆ ಮುಂದೆ ಇರುವ ದಾರಿಗಳಲ್ಲಿ ಮೊದಲನೆಯದು ಫೆನಿಟಾಯಿನ್ನಿನಲ್ಲಿಯೇ ಮುಂದುವರಿಯುವುದು. ಒಂಬತ್ತು ವರ್ಷ ಬಹುಮಟ್ಟಿಗೆ ಫಿಟ್ಸ್ ತಡೆದ ಔಷಧವನ್ನು ಹಗುರವಾಗಿ ಬದಲಾಯಿಸಬಾರದು ಎಂಬುದು ನನ್ನ ಅಭಿಪ್ರಾಯ. ಆಗ ಇನ್ನು ಮೇಲೆ ಡೋಸು ಬದಲಾಗಬೇಕಾದರೆ 25ರಿಂದ 50 ಮಿ.ಗ್ರಾಂ.ನ ಚಿಕ್ಕ ಹೆಜ್ಜೆಗಳಲ್ಲಿ, ಪ್ರತಿ ಹೆಜ್ಜೆಯ ನಂತರ ಕೆಲವು ವಾರ ಕಾದು, ರಕ್ತದ ಮಟ್ಟ ನೋಡಿ ಮುಂದುವರಿಯಬೇಕು. ಒಂದೇ ಕಂಪನಿಯ ಮಾತ್ರೆಯನ್ನೇ ಕೊಳ್ಳಿ. ಇಂಥ ಅಂಚಿನ ಔಷಧದಲ್ಲಿ ಕಂಪನಿಯಿಂದ ಕಂಪನಿಗೆ ಹೀರಿಕೆಯಲ್ಲಿ ಆಗುವ ಸಣ್ಣ ವ್ಯತ್ಯಾಸವೂ ರಕ್ತದಲ್ಲಿ ದೊಡ್ಡದಾಗಿ ಕಾಣಬಹುದು. ಇದರ ಅನನುಕೂಲವೆಂದರೆ ಮೂಳೆಯ ಮೇಲಿನ ಪರಿಣಾಮ ಮುಂದುವರಿಯುತ್ತದೆ, ಹೊಸ ಔಷಧ ಬಂದಾಗಲೆಲ್ಲ ಎಚ್ಚರ ಬೇಕು. ಮುಂದೆಂದಾದರೂ ಕ್ಷಯಕ್ಕೆ ಚಿಕಿತ್ಸೆ ಬೇಕಾದರೆ ಅದರಲ್ಲಿನ ಐಸೊನಿಯಜಿಡ್ ಫೆನಿಟಾಯಿನ್ನಿನ ಮಟ್ಟವನ್ನು ಏರಿಸಬಹುದು, ರಿಫಾಂಪಿಸಿನ್ ಇಳಿಸಬಹುದು ಎಂಬುದನ್ನು ಚಿಕಿತ್ಸೆ ಕೊಡುವವರಿಗೆ ಮುಂಚೆಯೇ ನೆನಪಿಸಿ.

ಎರಡನೆಯ ದಾರಿ, ಪಿ450 ಕಿಣ್ವಗಳನ್ನು ಅವಲಂಬಿಸದ ಔಷಧಕ್ಕೆ ಹೋಗುವುದು. ಲೆವೆಟಿರಸೆಟಮ್ ಅಂಥದ್ದು, ಅದರ ಮೂರರಲ್ಲಿ ಎರಡು ಭಾಗ ಇದ್ದಂತೆಯೇ ಮೂತ್ರದಲ್ಲಿ ಹೋಗುತ್ತದೆ, ಕಿಣ್ವಗಳನ್ನು ಪ್ರಚೋದಿಸುವುದೂ ಇಲ್ಲ. ಮೂಳೆ ಸಮಸ್ಯೆ ಖಚಿತ ಎಂದು ಪರೀಕ್ಷೆಗಳು ಹೇಳಿದರೆ ನರರೋಗ ತಜ್ಞರೇ ಇದನ್ನು ಸೂಚಿಸಬಹುದು. ಕೆಲವರಲ್ಲಿ ಇದು ಸಿಡುಕು, ಖಿನ್ನತೆ ತರುತ್ತದೆ. ಮೂತ್ರಪಿಂಡದ ಶಕ್ತಿಗೆ ತಕ್ಕಂತೆ ಡೋಸು ಹೊಂದಿಸಬೇಕು. ಬದಲಾವಣೆಯ ವಾರಗಳಲ್ಲಿ ಫಿಟ್ಸ್ ಬರುವ ಸಂಭವವಿರುವುದರಿಂದ ಬಾವಿ, ಕೆರೆ, ಟ್ರ್ಯಾಕ್ಟರ್, ಬೈಕ್‌ಗಳಿಂದ ಅವರು ದೂರವಿರಬೇಕು. ಹಳೆಯದನ್ನು ಮೆಲ್ಲಗೆ ಇಳಿಸುತ್ತ ಹೊಸದನ್ನು ಏರಿಸುವ ಈ ಕೆಲಸ ತಜ್ಞರ ಕಣ್ಣೆದುರೇ ಆಗಬೇಕು.

ವಿಟಮಿನ್ ಡಿಗೆ ಬಂದರೆ, ತಂದೆಯವರ ಲಿವರೂ, ಕ್ರಿಯಾಟಿನಿನ್ ತೋರಿಸುವಂತೆ ಮೂತ್ರಪಿಂಡವೂ ಚೆನ್ನಾಗಿರುವುದರಿಂದ ಅವರಿಗೆ ಬೇಕಾದದ್ದು ಸಾದಾ ಡಿ3. ನಮ್ಮಲ್ಲಿ ಸಾಮಾನ್ಯವಾಗಿ 60,000 ಯೂನಿಟ್‌ನ ಸ್ಯಾಚೆಟ್ ಅಥವಾ ಕ್ಯಾಪ್ಸೂಲನ್ನು ವಾರಕ್ಕೊಂದರಂತೆ ಎಂಟು ವಾರ ಕೊಟ್ಟು, ನಂತರ ಡೋಸು ಇಳಿಸುತ್ತಾರೆ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಪ್ಪು ತಿಳಿದು ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಗೊಂದಲದೊಡನೆ ಆಸ್ಪತ್ರೆಗೆ ಬರುವವರನ್ನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಸ್ಯಾಚೆಟ್ ನುಂಗುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಫೆನಿಟಾಯಿನ್ ಮುಂದುವರಿದರೆ ಸವೆತವೂ ಮುಂದುವರಿಯುವುದರಿಂದ ಇಂಥವರಿಗೆ ಇತರರಿಗಿಂತ ಎರಡು ಮೂರು ಪಟ್ಟು ನಿರ್ವಹಣಾ ಡೋಸು ಬೇಕಾಗಬಹುದು. ಅದನ್ನು ಊಹೆಯಿಂದಲ್ಲ, ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿ ನಿರ್ಧರಿಸಬೇಕು. ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಅದನ್ನು ಫೆನಿಟಾಯಿನ್ನಿನ ಜೊತೆಗೇ ನುಂಗದೆ ಎರಡು ಮೂರು ಗಂಟೆ ಅಂತರ ಇಡಿ, ಹೀರಿಕೆಗೆ ಅಡ್ಡಿಯಾಗಬಹುದು. 25-ಹೈಡ್ರಾಕ್ಸಿ ರೂಪವನ್ನೇ ಕೊಡುವ ಕ್ಯಾಲ್ಸಿಫಿಡಿಯಾಲ್ ಔಷಧವೂ ಇದೆ. ಅದು ಲಿವರಿನ ಹೆಜ್ಜೆಯನ್ನು ದಾಟಿಸುತ್ತದೆ, ಮಟ್ಟವನ್ನು ಬೇಗ ಏರಿಸುತ್ತದೆ. ತಂದೆಯವರಿಗೆ ಆ ಹೆಜ್ಜೆ ಸರಿಯಾಗಿಯೇ ಇರುವುದರಿಂದ ಡಿ3 ಫಲ ಕೊಡದಿದ್ದರೆ ಮಾತ್ರ ಅದರ ವಿಚಾರ.

ನೆರೆಯವರ ಕ್ಯಾಲ್ಸಿಟ್ರಿಯಾಲ್ ಅವರಿಗೆ ಸರಿ, ನಿಮ್ಮ ತಂದೆಯವರಿಗೆ ಬೇಡ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೂತ್ರಪಿಂಡ ಆ ಕೊನೆಯ ಹೈಡ್ರಾಕ್ಸಿ ಗುಂಪನ್ನು ಸೇರಿಸಲಾರದು, ಆದ್ದರಿಂದ ಪೂರ್ತಿ ತಯಾರಾದ ಹಾರ್ಮೋನನ್ನೇ ಕೊಡಬೇಕಾಗುತ್ತದೆ. ಆರೋಗ್ಯವಂತ ಮೂತ್ರಪಿಂಡ ದೇಹಕ್ಕೆ ಎಷ್ಟು ಬೇಕೋ ಅಷ್ಟೇ ತಯಾರಿಸುತ್ತದೆ. ಹೊರಗಿನಿಂದ ಕ್ಯಾಲ್ಸಿಟ್ರಿಯಾಲ್ ಕೊಟ್ಟರೆ ಆ ಹತೋಟಿ ತಪ್ಪಿ ಕ್ಯಾಲ್ಸಿಯಂ ಏರುವ ಅಪಾಯವಿದೆ, ದಾಸ್ತಾನೂ ತುಂಬುವುದಿಲ್ಲ. ಆರು ಲಕ್ಷ ಯೂನಿಟ್‌ನ ಒಂದೇ ಇಂಜೆಕ್ಷನ್ನನ್ನು ಯಾರಾದರೂ ಸೂಚಿಸಿದರೆ ಅದಕ್ಕೂ ಆತುರಪಡಬೇಡಿ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಮಹಿಳೆಯರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾದವು.

ಕಷಾಯದ ಬಗ್ಗೆ ಕೇಳಿದ್ದೀರಿ. ಮನೆಯ ಸಾರಿನಲ್ಲಿರುವ ಮೆಣಸು, ಅರಿಶಿನ, ಜೀರಿಗೆಗೆ ಹೆದರಬೇಕಿಲ್ಲ. ಆದರೆ ಲಿವರ್ ಶುದ್ಧಿಯ ಹೆಸರಿನಲ್ಲಿ ಮಾರುವ ಸಾಂದ್ರ ಪುಡಿ, ಕ್ಯಾಪ್ಸೂಲು, ಸಿರಪ್ಪುಗಳ ವಿಷಯ ಬೇರೆ. ಕಾಳುಮೆಣಸಿನ ಪಿಪೆರಿನ್ ಅಂಶ ಫೆನಿಟಾಯಿನ್ನಿನ ಮಟ್ಟವನ್ನು ಹೆಚ್ಚಿಸಬಲ್ಲದು ಎಂದು ಭಾರತದಲ್ಲಿಯೇ ನಡೆದ ಅಧ್ಯಯನಗಳು ತೋರಿಸಿವೆ. ಶಂಖಪುಷ್ಪಿ ಇರುವ ಆಯುರ್ವೇದ ಸಿರಪ್ ಇದಕ್ಕೆ ವಿರುದ್ಧ: ಅದನ್ನು ಸೇವಿಸಿದ ರೋಗಿಗಳಲ್ಲಿ ಫಿಟ್ಸ್ ಹತೋಟಿ ತಪ್ಪಿದ್ದನ್ನು ಗಮನಿಸಿ, ಇಲಿಗಳಲ್ಲಿ ಪರೀಕ್ಷಿಸಿದಾಗ ಫೆನಿಟಾಯಿನ್ನಿನ ಮಟ್ಟವೂ ಪರಿಣಾಮವೂ ಕುಗ್ಗಿದ್ದು ಕಂಡುಬಂದು, 1992ರಲ್ಲಿ ಅದು ಪ್ರಕಟವಾಯಿತು. ನೆನಪಿನ ಶಕ್ತಿಗೆ ಒಳ್ಳೆಯದೆಂದು ಇದನ್ನೇ ಫಿಟ್ಸ್ ಇರುವವರಿಗೂ ಕೊಡುವುದುಂಟು, ಅದಕ್ಕಾಗಿ ಇದನ್ನು ಬಿಡಿಸಿ ಹೇಳಿದೆ. ಆರೋಗ್ಯವಾಗಿರುವ ಲಿವರನ್ನು ಶುದ್ಧಗೊಳಿಸುವ ಅಗತ್ಯವಿಲ್ಲ. ಆಯುರ್ವೇದ ಚಿಕಿತ್ಸೆಯಲ್ಲಿ ನಿಮಗೆ ನಂಬಿಕೆಯಿದ್ದರೆ ಆ ವೈದ್ಯರಿಗೂ ನರರೋಗ ತಜ್ಞರಿಗೂ ಇಬ್ಬರು ಕೊಟ್ಟ ಔಷಧಗಳ ಚೀಟಿಯನ್ನು ತೋರಿಸಿ.

ಕೊನೆಯದಾಗಿ ವಂಶದ ಪ್ರಶ್ನೆ. ತಂದೆಯವರಲ್ಲಿ ಸಿವೈಪಿ2ಸಿ9ರ ನಿಧಾನದ ರೂಪ ಇದೆ ಎಂದು ಈಗಿನ ಮಾಹಿತಿಯಿಂದ ಹೇಳಲಾಗದು. ಸರಾಸರಿ ವ್ಯಕ್ತಿಯಲ್ಲಿಯೂ 400 ಮಿ.ಗ್ರಾಂ.ಗೆ ಈ ಮಟ್ಟ ಬರಬಹುದು, ಮೇಲೆ ಫ್ಲುಕೊನಜೋಲ್ ಇತ್ತು. ಅದು ನಿಂತ ಮೇಲೂ 300ರ ಆಸುಪಾಸಿನ ಡೋಸಿಗೆ ಮಟ್ಟ 20 ಮೀರಿದರೆ ಜೀನ್ ಪರೀಕ್ಷೆಗೆ ಅರ್ಥವಿದೆ. ಆಗಲೂ ಒಂಬತ್ತು ವರ್ಷ ಔಷಧ ನುಂಗಿದವರಲ್ಲಿ ಮುಂದಿನ ಡೋಸನ್ನು ನಿರ್ಧರಿಸುವುದು ರಕ್ತದ ಮಟ್ಟವೇ ಹೊರತು ಜೀನ್ ವರದಿಯಲ್ಲ. ಆ ವರದಿಯ ನಿಜವಾದ ಉಪಯೋಗ ಔಷಧ ಹೊಸದಾಗಿ ಶುರು ಮಾಡುವವರಿಗೆ. ಒಂದು ವೇಳೆ ತಂದೆಯವರಲ್ಲಿ ನಿಧಾನದ ಜೀನಿನ ಒಂದು ಪ್ರತಿ ಇದ್ದರೆ ಅದು ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೂ ಅದರಿಂದ ನಿಮಗೆ ಫಿಟ್ಸ್ ಬರುವುದಿಲ್ಲ, ಲಿವರ್ ಕೆಡುವುದಿಲ್ಲ, ನೀವು ಈಗ ಯಾವ ಪರೀಕ್ಷೆಯನ್ನೂ ಮಾಡಿಸಬೇಕಿಲ್ಲ. ಎಂದಾದರೂ ಫೆನಿಟಾಯಿನ್ ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್ ಶುರು ಮಾಡುವ ಸಂದರ್ಭ ಬಂದರೆ ತಂದೆಯವರಿಗೆ ಹೀಗಾಗಿತ್ತು ಎಂದು ವೈದ್ಯರಿಗೆ ಹೇಳಿ. ವಾರ್ಫರಿನ್ನಿನ ಹೆಚ್ಚು ಪ್ರಬಲವಾದ ಅರ್ಧಭಾಗಕ್ಕೆ ಹೈಡ್ರಾಕ್ಸಿ ಗುಂಪು ಸೇರಿಸುವುದೂ ಇದೇ ಕಿಣ್ವ.